ಇಳಿತದ ಎರಡು ಗಂಟೆ: ಸಾಗರವಿಜ್ಞಾನ ವಿದ್ಯಾರ್ಥಿಗೆ ಕಲ್ಲುತೀರ ಸಮೀಕ್ಷೆಯ ಕೈಪಿಡಿ

ಕಾರವಾರದ ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರ ಓದುವವರಿಗಾಗಲಿ, ಮಂಗಳೂರಿನ ಮೀನುಗಾರಿಕಾ ಕಾಲೇಜಿನವರಿಗಾಗಲಿ, ಪ್ರಾಜೆಕ್ಟ್ ಎಂದ ಕೂಡಲೇ ಕಣ್ಣಮುಂದೆ ಬರುವುದು ನೇತ್ರಾಣಿಯ ಹವಳ, ಡೈವಿಂಗ್, ಸಂಶೋಧನಾ ಹಡಗು. ದೋಣಿ ಬಾಡಿಗೆ, ಅನುಮತಿ, ಗಾಳಿ ಎಲ್ಲವೂ ಕೂಡಿಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಕಲ್ಲುತೀರಕ್ಕೆ ಇದ್ಯಾವುದೂ ಬೇಡ. ಸೋಮೇಶ್ವರ, ಸುರತ್ಕಲ್, ಕಾಪು, ಮುರ್ಡೇಶ್ವರ, ಗೋಕರ್ಣ, ಕಾರವಾರ ಎಲ್ಲ ಕಡೆಯೂ ಬಸ್ಸಿಳಿದು ನಡೆದುಹೋಗುವಷ್ಟು ಹತ್ತಿರದಲ್ಲಿ ಕಲ್ಲುಗಳಿವೆ. ಉಬ್ಬರ ಇಳಿದಾಗ ಆ ಕಲ್ಲುಗಳ ಮೇಲೆ ತೆರೆದುಕೊಳ್ಳುವ ಜೀವಲೋಕವನ್ನು ಚಪ್ಪಟೆ ಕಡ್ಡಿ, ಪೈಪು, ಪೆನ್ಸಿಲ್ಲಿನಿಂದಲೇ ಅಳೆಯಬಹುದು.

ಆದರೆ ಇಂಥ ಪ್ರಾಜೆಕ್ಟುಗಳಲ್ಲಿ ಹೆಚ್ಚಿನವು ಗ್ರಂಥಾಲಯದ ಕಪಾಟು ಸೇರಿ ಅಲ್ಲೇ ಉಳಿಯುತ್ತವೆ. ಎಣಿಸಿದ್ದು ಯಾವ ಕಲ್ಲಿನ ಮೇಲೆ, ಎಷ್ಟು ಎತ್ತರದಲ್ಲಿ, ಯಾವ ನಿಯಮದಂತೆ ಎಂಬುದು ಬರೆದಿರದಿದ್ದರೆ ಐದು ವರ್ಷದ ಬಳಿಕ ಬರುವ ವಿದ್ಯಾರ್ಥಿ ಅದರೊಂದಿಗೆ ಏನನ್ನೂ ಹೋಲಿಸಲಾರ. ತೀರಕ್ಕೆ ತಡೆಗೋಡೆ ಬಂದಾಗಲೋ, ಬಂದರು ವಿಸ್ತರಣೆಯಾದಾಗಲೋ 'ಮೊದಲು ಇಲ್ಲಿ ಏನಿತ್ತು' ಎಂದು ಕೇಳಿದರೆ ತೋರಿಸಲು ಕೈಯಲ್ಲಿ ಏನಾದರೂ ಇರಬೇಕು. ಮುಂದಿನ ಹಂತಗಳನ್ನೆಲ್ಲ ಈ ಒಂದೇ ಅಳತೆಗೋಲು ಹಿಡಿದು ಬರೆದಿದೆ: ಬೇರೊಬ್ಬರು ಅದೇ ಜಾಗಕ್ಕೆ ಹೋಗಿ ಅದೇ ಎಣಿಕೆಯನ್ನು ಮತ್ತೆ ಮಾಡಲು ಸಾಧ್ಯವಾಗಬೇಕು.

ಮೊದಲು ಪ್ರಶ್ನೆ, ಆಮೇಲೆ ಜಾಗ

'ಇಂಥ ತೀರದ ಜೀವವೈವಿಧ್ಯ' ಎನ್ನುವುದು ಪ್ರಶ್ನೆಯಾಗುವುದಿಲ್ಲ. ಪ್ರವಾಸಿಗರು ತುಳಿಯುವ ಕಲ್ಲಿಗೂ ತುಳಿಯದ ಕಲ್ಲಿಗೂ ಬಾರ್ನಕಲ್ (ಕಲ್ಲಿಗೆ ಅಂಟಿಕೊಂಡೇ ಬದುಕುವ ಸಣ್ಣ ಚಿಪ್ಪುಜೀವಿ) ಸಾಂದ್ರತೆಯಲ್ಲಿ ವ್ಯತ್ಯಾಸವಿದೆಯೇ? ನದಿಬಾಯಿಯಿಂದ ದೂರ ಹೋದಂತೆ ಪಚ್ಚಿಲೆಯ, ಅಂದರೆ ಕಲ್ಲಿಗಂಟುವ ಹಸಿರು ಚಿಪ್ಪಿನ ಪ್ರಾಣಿಯ, ಗಾತ್ರ ಬದಲಾಗುತ್ತದೆಯೇ? ಇವು ಎಣಿಸಿ ಉತ್ತರ ಹೇಳಬಹುದಾದ ಪ್ರಶ್ನೆಗಳು. ಮೊದಲನೆಯದಕ್ಕೆ ತುಳಿತವಿರುವ ಕನಿಷ್ಠ 3 ಜಾಗ, ಇಲ್ಲದ 3 ಜಾಗ ಬೇಕು. ಒಂದು ಕಲ್ಲಿನ ಮೇಲೆ 30 ಚೌಕ (ಕಲ್ಲಿನ ಮೇಲಿಟ್ಟು ಒಳಗಿನ ಜೀವಿಗಳನ್ನು ಎಣಿಸುವ ಚೌಕಟ್ಟು) ಎಣಿಸಿ, ಇನ್ನೊಂದರ ಮೇಲೆ 30 ಎಣಿಸಿದರೆ ನೀವು ಎರಡು ಕಲ್ಲುಗಳನ್ನು ಹೋಲಿಸಿದಂತಾಯಿತು, ತುಳಿತದ ಪರಿಣಾಮವನ್ನಲ್ಲ. ಪರೀಕ್ಷಕರು ಹಿಡಿಯುವ ಮೊದಲ ತಪ್ಪು ಇದೇ, ಮತ್ತು ಲೆಕ್ಕದ ಹಂತಕ್ಕೆ ಬಂದ ಮೇಲೆ ಇದನ್ನು ಸರಿಪಡಿಸುವ ದಾರಿಯೇ ಇಲ್ಲ.

ಹೋಲಿಸುವ ಜಾಗಗಳ ಇಳಿಜಾರು, ಅಲೆಯ ಹೊಡೆತ, ಕಲ್ಲಿನ ಜಾತಿ ಆದಷ್ಟು ಒಂದೇ ಇರಲಿ. ಮಲ್ಪೆಯ ಆಚೆಯ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಲಾವಾ ಶಿಲೆಯನ್ನೂ ಮುರಕಲ್ಲಿನ ತೀರವನ್ನೂ ಪಕ್ಕಪಕ್ಕ ಇಟ್ಟು ಮನುಷ್ಯನ ಪ್ರಭಾವ ಹುಡುಕಬೇಡಿ. ಮುರಕಲ್ಲಿನ ತೂತುಗಳಲ್ಲಿ ತೇವ ನಿಲ್ಲುತ್ತದೆ, ಹೀಗಾಗಿ ಅಲ್ಲಿ ಬೇರೆಯದೇ ಜೀವಿಗಳು ನೆಲೆಸುತ್ತವೆ. ದ್ವೀಪವಾಗಲಿ, ಹೊನ್ನಾವರ ಬಳಿಯ ಅಪ್ಸರಕೊಂಡ–ಮುಗಳಿಯಂಥ ಸಂರಕ್ಷಿತ ಪ್ರದೇಶವಾಗಲಿ ಆದರೆ ವಿಭಾಗದ ಮುಖ್ಯಸ್ಥರ ಪತ್ರದೊಂದಿಗೆ ಅರಣ್ಯ ಇಲಾಖೆಗೆ ಮೊದಲೇ ಅರ್ಜಿ ಕೊಡಬೇಕು. ಕನಿಷ್ಠ ಎರಡು ತಿಂಗಳ ಸಮಯ ಇಟ್ಟುಕೊಳ್ಳಿ.

ದಿನ ಮತ್ತು ಗಂಟೆ ಆರಿಸುವುದು

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡೂ ಇಳಿತಗಳು ಸಮನಾಗಿರುವುದಿಲ್ಲ, ಒಂದು ಇನ್ನೊಂದಕ್ಕಿಂತ ತಗ್ಗು. ಅಮಾವಾಸ್ಯೆ–ಹುಣ್ಣಿಮೆಯ ದಿನ ಮತ್ತು ಅದರ ನಂತರದ ಎರಡು ಮೂರು ದಿನ ನೀರು ಅತಿ ಕೆಳಕ್ಕೆ ಹೋಗುತ್ತದೆ. ಆ ದಿನಗಳ ಇಳಿತ ಸಾಮಾನ್ಯವಾಗಿ ಮುಂಜಾನೆಗೂ ಸಂಜೆಗೂ ಬೀಳುತ್ತದೆ. ಉಬ್ಬರವಿಳಿತದ ಪಟ್ಟಿ ತೆರೆದು ನಿಮ್ಮ ಜಾಗಕ್ಕೆ ಹತ್ತಿರದ ಬಂದರಿನ ಸಾಲು ನೋಡಿ, ಕಾರವಾರ ಅಥವಾ ನವಮಂಗಳೂರು. ತಿಂಗಳ ಅತಿ ತಗ್ಗಿನ ನಾಲ್ಕು ಹಗಲು ಇಳಿತಗಳನ್ನು ಗುರುತು ಹಾಕಿ, ಅವುಗಳಲ್ಲಿ ಎರಡು ಕೆಲಸಕ್ಕೆ, ಎರಡು ಮೀಸಲಿಗೆ. ಪಟ್ಟಿಯಲ್ಲಿರುವುದು ಮುನ್ಸೂಚನೆ ಮಾತ್ರ. ದಡದ ಕಡೆ ಬಲವಾದ ಗಾಳಿ ಬೀಸುತ್ತಿದ್ದರೆ ನೀರು ಹೇಳಿದಷ್ಟು ಇಳಿಯುವುದಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆ ಎತ್ತರದ ಮುನ್ಸೂಚನೆಯನ್ನು ಹಿಂದಿನ ಸಂಜೆ ತಪ್ಪದೆ ನೋಡಿ. ದಡದಲ್ಲಿ ಬಲೆ ರಿಪೇರಿ ಮಾಡುತ್ತ ಕೂತವರನ್ನು 'ಅಣ್ಣಾ, ಇವತ್ತು ನೀರು ಎಷ್ಟೊತ್ತಿಗೆ ಇಳೀತದೆ?' ಎಂದು ಕೇಳುವುದನ್ನೂ ಬಿಡಬೇಡಿ. ಆ ಒಂದು ಕಲ್ಲಿನ ಹಿಂದೆ ನೀರು ಮೊದಲು ಎಲ್ಲಿಂದ ನುಗ್ಗುತ್ತದೆ ಎಂಬುದು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ನೀರು ಏರುವ ವೇಗ ಒಂದೇ ಸಮನಾಗಿರದು. ಉಬ್ಬರ–ಇಳಿತದ ನಡುವಿನ ಆರು ಗಂಟೆಯಲ್ಲಿ ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಗೆ 1 ಪಾಲು, ಎರಡನೆಯದಕ್ಕೆ 2, ಮೂರು ಮತ್ತು ನಾಲ್ಕನೆಯದಕ್ಕೆ 3–3, ಐದಕ್ಕೆ 2, ಆರಕ್ಕೆ 1. ವ್ಯತ್ಯಾಸ 1.5 ಮೀಟರ್ ಇರುವ ದಿನ ಇಳಿತ ಮುಗಿದ ಮೊದಲ ಗಂಟೆಯಲ್ಲಿ 12–13 ಸೆಂ.ಮೀ. ಮಾತ್ರ ಏರುವ ನೀರು ಮೂರನೇ ಗಂಟೆಯಲ್ಲಿ 37 ಸೆಂ.ಮೀ.ಗೂ ಹೆಚ್ಚು ಏರುತ್ತದೆ. 'ಇನ್ನೂ ಟೈಮಿದೆ' ಎನ್ನಿಸುವುದು ಆ ಮೊದಲ ಗಂಟೆಯಲ್ಲಿ. ಸಮತಟ್ಟಾದ ಕಲ್ಲಿನ ಹಿಂದೆ ತಗ್ಗು ಕಾಲುವೆಯಿದ್ದರೆ, ಮುಂದಿನ ಕಲ್ಲು ಮುಳುಗುವ ಮೊದಲೇ ಹಿಂದಿರುಗುವ ದಾರಿ ಮುಳುಗುತ್ತದೆ.

ಆದ್ದರಿಂದ ಇಳಿತದ ಸಮಯಕ್ಕೆ ಎರಡು ಗಂಟೆ ಮೊದಲು ತಲುಪಿ. ನೀರು ಇಳಿದಂತೆ ತೀರದ ಎತ್ತರದ ಮೂರು ಪಟ್ಟಿಗಳಲ್ಲಿ ಮೇಲ್ಪಟ್ಟಿ, ನಡುಪಟ್ಟಿ ಮುಗಿಸುತ್ತ ಕೆಳಗೆ ಹೋಗಿ. ಕೆಳಪಟ್ಟಿ ತೆರೆದಿರುವುದು ಹೆಚ್ಚೆಂದರೆ ಒಂದು ಗಂಟೆ, ಅದರ ಕೆಲಸ ಇಳಿತದ ಆಚೀಚೆಯ ಅರ್ಧ ಗಂಟೆಯಲ್ಲೇ ಮುಗಿಯಬೇಕು. ಇಳಿತ ಕಳೆದು 45 ನಿಮಿಷಕ್ಕೆ ಫೋನಿನಲ್ಲಿ ಅಲಾರಂ ಇಟ್ಟು, ಅದು ಹೊಡೆದಾಗ ಅರ್ಧ ಎಣಿಸಿದ ಚೌಕವನ್ನೂ ಬಿಟ್ಟು ಮೇಲೆ ಬನ್ನಿ. ಒಬ್ಬರೇ ಹೋಗಬೇಡಿ. ಜೂನ್‌ನಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ತೆರೆದ ಕಲ್ಲಿನ ಮೇಲೆ ಹೋಗುವ ಯೋಚನೆಯೇ ಬೇಡ. ಯಾಂತ್ರಿಕ ದೋಣಿಗಳೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲೇ ಇರುತ್ತವೆ. ಆ ಅವಧಿಯ ನಿಷೇಧ ಮೀನಿನ ಸಂತಾನೋತ್ಪತ್ತಿಗಾಗಿ ಇರುವಂತೆ ಮನುಷ್ಯನ ಜೀವಕ್ಕಾಗಿಯೂ ಇದೆ. ಮಳೆಗಾಲದ ಮಾಹಿತಿ ಬೇಕೇಬೇಕಿದ್ದರೆ ಅಳಿವೆಯೊಳಗಿನ ಶಾಂತ ನೀರನ್ನು ಆರಿಸಿ. ಫೆಬ್ರವರಿ–ಮೇ, ಜೂನ್–ಸೆಪ್ಟೆಂಬರ್, ಅಕ್ಟೋಬರ್–ಜನವರಿ ಎಂಬ ಮೂರು ಕಾಲದ ವಿಂಗಡಣೆ ಪಶ್ಚಿಮ ಕರಾವಳಿಯ ಬರಹಗಳಲ್ಲಿ ರೂಢಿ, ಅದನ್ನೇ ಪಾಲಿಸಿದರೆ ಹೋಲಿಕೆ ಸುಲಭ.

ಚೌಕ ಕಟ್ಟುವುದು

ಅಂಗಡಿಯಿಂದ ಕೊಳ್ಳಬೇಕಿಲ್ಲ. ಮುಕ್ಕಾಲು ಇಂಚಿನ ಪಿವಿಸಿ ಪೈಪು, ನಾಲ್ಕು ಎಲ್ಬೋ, ಸಾಲ್ವೆಂಟ್ ಅಂಟು, ನೈಲಾನ್ ದಾರ ಸಾಕು. ಒಳ ಅಳತೆ 50 ಸೆಂ.ಮೀ. × 50 ಸೆಂ.ಮೀ. ಬರಬೇಕು, ಅಂದರೆ ಕಾಲು ಚದರ ಮೀಟರ್. ಪೈಪನ್ನು ಸರಿಯಾಗಿ 50ಕ್ಕೆ ಕತ್ತರಿಸಿ ಎಲ್ಬೋದೊಳಗೆ ತೂರಿಸಿದರೆ ಒಳ ಅಳತೆ ಬೇರೆಯಾಗುತ್ತದೆ. ಮೊದಲು ಅಂಟಿಲ್ಲದೆ ಜೋಡಿಸಿ, ಒಳಗೆ ಟೇಪು ಹಿಡಿದು ಅಳೆದು, ತಕ್ಕಂತೆ ಕತ್ತರಿಸಿದ ಮೇಲೆ ಅಂಟು ಹಚ್ಚಿ. ಎರಡೂ ಬದಿ 49 ಸೆಂ.ಮೀ. ಆದರೂ ವಿಸ್ತೀರ್ಣ ಶೇ. 4ರಷ್ಟು ಕಡಿಮೆಯಾಗುತ್ತದೆ, ಆ ತಪ್ಪು ಪ್ರತಿಯೊಂದು ಸಂಖ್ಯೆಯೊಳಗೂ ಕೂರುತ್ತದೆ. ಪೈಪಿನ ಕೆಳಬದಿಗೆ ಅಲ್ಲಲ್ಲಿ ತೂತು ಹಾಕಿ. ಒಳಗೆ ನೀರು ಹೋಗದಿದ್ದರೆ ಕಲ್ಲುಗುಂಡಿಯಲ್ಲಿ ಚೌಕ ತೇಲುತ್ತದೆ.

ಪ್ರತಿ ಬದಿಯಲ್ಲೂ 5 ಸೆಂ.ಮೀ.ಗೊಂದರಂತೆ 9 ತೂತು ಕೊರೆದು ಅಡ್ಡಕ್ಕೂ ಉದ್ದಕ್ಕೂ ದಾರ ಕಟ್ಟಿ. 100 ಪುಟ್ಟ ಮನೆಗಳಾಗುತ್ತವೆ, ಒಂದೊಂದೂ ಶೇ. 1. ದಾರಗಳು ಕೂಡುವ ಬಿಂದುಗಳು 81. ಬಾರ್ನಕಲ್‌ನಂಥ ಒತ್ತೊತ್ತಾಗಿ ಅಂಟಿರುವ ಸಣ್ಣ ಜೀವಿಗಳಿಗೆ ಇಷ್ಟು ದೊಡ್ಡ ಚೌಕ ಬೇಡ, 10 ಸೆಂ.ಮೀ. × 10 ಸೆಂ.ಮೀ.ಯ ಇನ್ನೊಂದನ್ನು ತಂತಿಯಿಂದ ಮಾಡಿಕೊಳ್ಳಿ. ಅದರ ಎಣಿಕೆಯನ್ನು ಚದರ ಮೀಟರಿಗೆ ತರಲು 100ರಿಂದ ಗುಣಿಸಬೇಕಾಗುವುದರಿಂದ ಒಂದು ಜೀವಿಯ ತಪ್ಪು ನೂರರ ತಪ್ಪಾಗುತ್ತದೆ, ಎಣಿಸುವಾಗ ಇದು ನೆನಪಿರಲಿ.

ಬರೆಯಲು ಪೆನ್ನು ಬೇಡ, ಪೆನ್ಸಿಲ್ ತನ್ನಿ. ಬಿಳಿ ಪಿವಿಸಿ ಹಲಗೆಯ ಮೇಲೆ ನಯವಾದ ಮರಳುಕಾಗದ ಉಜ್ಜಿದರೆ ಒದ್ದೆಯಲ್ಲೂ ಪೆನ್ಸಿಲ್ ಹಿಡಿಯುತ್ತದೆ, ಮನೆಗೆ ಬಂದು ಫೋಟೊ ತೆಗೆದು ಅಳಿಸಬಹುದು. ಕಾಲಿಗೆ ಹಿಡಿತವಿರುವ, ಬೆರಳು ಮುಚ್ಚುವ ಬೂಟು. ಹವಾಯಿ ಚಪ್ಪಲಿ ಹಾಕಿ ಪಾಚಿಗಲ್ಲಿನ ಮೇಲೆ ಹೋದವರಿಗೆ ಕಲ್ಲುಸಿಂಪಿಯ ಅಂಚು ಕತ್ತಿಯಂತೆ ಕೊಯ್ಯುತ್ತದೆ.

ತೀರದ ಎತ್ತರ: ಹೆಚ್ಚಿನವರು ಬಿಟ್ಟುಬಿಡುವ ಕೆಲಸ

ಕಲ್ಲಿನ ಮೇಲಿನ ಜೀವಿ ಎಲ್ಲಿ ಕೂರಬೇಕೆಂಬುದನ್ನು ಬಹುಪಾಲು ನಿರ್ಧರಿಸುವುದು ಎತ್ತರ. ಎತ್ತರ ಹೆಚ್ಚಿದಷ್ಟೂ ಬಿಸಿಲಿನಲ್ಲಿ ಒಣಗುವ ಗಂಟೆಗಳು ಹೆಚ್ಚು. ಮೇಲೆ ಸಾಸಿವೆ–ಮೆಣಸಿನ ಕಾಳಿನ ಗಾತ್ರದ ಲಿಟ್ಟೊರಿನಿಡ್ ಬಸವನಹುಳುಗಳು, ಅದರ ಕೆಳಗೆ ಬಾರ್ನಕಲ್ ಮತ್ತು ಕಲ್ಲುಸಿಂಪಿ, ನಡುವೆ ಟೋಪಿಯಂತೆ ಕೂತ ಲಿಂಪೆಟ್, ಇನ್ನೂ ಕೆಳಗೆ ಪಚ್ಚಿಲೆ, ಹವಳದ ಸಂಬಂಧಿಗಳಾದ ಜೊವಾಂಥಿಡ್‌ಗಳ ಹಾಸು, ಸರ್ಗಾಸಮ್ ಕಡಲಕಳೆ. 'ನಡುಪಟ್ಟಿ' ಎಂದು ಬರಿಗಣ್ಣಿನಲ್ಲಿ ಹೇಳಿದರೆ ಒಬ್ಬೊಬ್ಬರಿಗೂ ಒಂದೊಂದು ಜಾಗ ಕಾಣುತ್ತದೆ. ಸೆಂಟಿಮೀಟರಿನಲ್ಲಿ ಹೇಳಬೇಕು.

ಇದಕ್ಕೆ ಗಾರೆ ಕೆಲಸದವರ ಮಟ್ಟದ ಪೈಪೇ ಸಾಕು. 10–12 ಮೀಟರ್ ಉದ್ದದ ಪಾರದರ್ಶಕ ಪೈಪಿಗೆ ನೀರು ತುಂಬಿಸಿ, ಎರಡು ತುದಿಗಳನ್ನೂ ಸೆಂ.ಮೀ. ಗುರುತಿನ 2 ಮೀಟರ್ ಕೋಲುಗಳಿಗೆ ಕಟ್ಟಿ. ಒಂದು ಕೋಲು ಮೇಲಿನ ಬಿಂದುವಿನಲ್ಲಿ, ಇನ್ನೊಂದು ಕೆಳಗಿನದರಲ್ಲಿ. ಎರಡೂ ಕಡೆ ನೀರಿನ ಮಟ್ಟ ಓದಿ ಕಳೆದರೆ ಎತ್ತರದ ವ್ಯತ್ಯಾಸ ಸಿಗುತ್ತದೆ. ಪೈಪಿನೊಳಗೆ ಒಂದು ಗಾಳಿಗುಳ್ಳೆ ಉಳಿದರೂ ಓದು ತಪ್ಪುತ್ತದೆ. ಎರಡು ತುದಿಗಳನ್ನು ಒಟ್ಟಿಗೆ ಹಿಡಿದಾಗ ಮಟ್ಟ ಒಂದೇ ಇದೆಯೇ ಎಂದು ಪ್ರತಿ ಬಾರಿ ಪರೀಕ್ಷಿಸಿ. ನೀರಿಗೆ ಒಂದು ಚಿಟಿಕೆ ಕುಂಕುಮವೋ ಬಣ್ಣವೋ ಹಾಕಿದರೆ ಬಿಸಿಲಿನಲ್ಲಿ ಓದುವುದು ಸುಲಭ.

ಈ ಎತ್ತರವನ್ನು ಉಬ್ಬರವಿಳಿತ ಪಟ್ಟಿಯ ಸೊನ್ನೆಗೆ ಜೋಡಿಸಬೇಕು. ಅಲೆಯಿಲ್ಲದ ದಿನ ಪಟ್ಟಿ ಹೇಳಿದ ಇಳಿತದ ನಿಮಿಷಕ್ಕೆ ಶಾಂತವಾದ ಮೂಲೆಯಲ್ಲಿ ನೀರಿನ ಅಂಚು ಎಲ್ಲಿದೆ ಎಂದು ಗುರುತಿಸಿ. ಪಟ್ಟಿ 0.4 ಮೀ. ಎಂದರೆ ಆ ಬಿಂದು 0.4. ಮೂರು ಬೇರೆ ಬೇರೆ ದಿನ ಮಾಡಿ ಸರಾಸರಿ ತೆಗೆದುಕೊಳ್ಳಿ. ಒಂದೇ ದಿನದ ಗುರುತು ಗಾಳಿಯಿಂದ ಹತ್ತು ಹದಿನೈದು ಸೆಂ.ಮೀ. ತಪ್ಪಿರಬಹುದು.

ಎಣಿಕೆ

ತೀರದ ಮೇಲ್, ನಡು, ಕೆಳ ಪ್ರತಿ ಪಟ್ಟಿಯಲ್ಲೂ ನೀರಿನ ಅಂಚಿಗೆ ಸಮಾನಾಂತರವಾಗಿ 20 ಮೀಟರ್ ಟೇಪು ಹಾಸಿ, ಅದೇ ಒಂದು ಸಾಲು. ಚೌಕ ಎಲ್ಲಿ ಇಡಬೇಕೆಂಬ ಯಾದೃಚ್ಛಿಕ ಸಂಖ್ಯೆಗಳನ್ನು ಹಿಂದಿನ ರಾತ್ರಿಯೇ ಬರೆದುಕೊಂಡಿರಿ. ಬೆನ್ನ ಹಿಂದಕ್ಕೆ ಚೌಕ ಎಸೆಯುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಕೈಗೆ ಸುಲಭವಾದ ಕಡೆಗೇ ಅದು ಬೀಳುತ್ತದೆ, ಅದನ್ನು ಯಾದೃಚ್ಛಿಕ ಎನ್ನಲಾಗದು. ಚೌಕ ಕಲ್ಲುಗುಂಡಿಯಲ್ಲೋ ಬಿರುಕಿನಲ್ಲೋ ಬಿದ್ದರೆ ಏನು ಮಾಡುವುದೆಂದು ಮೊದಲೇ ತೀರ್ಮಾನಿಸಿ ಪುಸ್ತಕದಲ್ಲಿ ಬರೆಯಿರಿ: ಬಿಟ್ಟು ಮುಂದಿನ ಸಂಖ್ಯೆಗೆ ಹೋಗುವುದಾದರೆ ಪ್ರತಿ ಸಲವೂ ಹಾಗೆಯೇ. ಗುಂಡಿಯಲ್ಲಿ ಚೆಂದದ ಸೀ ಅನಿಮೋನ್ ಕಂಡಿತೆಂದು ಅಲ್ಲಿ ಚೌಕ ಇಟ್ಟರೆ ಅಲ್ಲಿಗೆ ಸಮೀಕ್ಷೆ ಕೆಟ್ಟಿತು.

ಇಬ್ಬರ ತಂಡದಲ್ಲಿ ಒಬ್ಬರು ಎಣಿಸಿ ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ಅದನ್ನು ತಿರುಗಿ ಹೇಳಿ ಬರೆಯಬೇಕು. ಒಂದು ಚೌಕಕ್ಕೆ 5 ನಿಮಿಷ ಎಂದರೂ ಒಂದು ಇಳಿತಕ್ಕೆ 20–25 ಚೌಕ ದಾಟುವುದು ಕಷ್ಟ. ಮೂರು ಪಟ್ಟಿ, ಪ್ರತಿ ಪಟ್ಟಿಗೆ ಮೂರು ಸಾಲು, ಪ್ರತಿ ಸಾಲಿಗೆ 5 ಎಂದರೆ 45 ಚೌಕ, ಎರಡು ದಿನದ ಕೆಲಸ. ಐದಕ್ಕಿಂತ ಕಡಿಮೆ ಮಾಡಬೇಡಿ. ಐದು ಸಾಲದೇ ಎಂದು ತಿಳಿಯಲು, ಚೌಕಗಳು ಹೆಚ್ಚಿದಂತೆ ಹೊಸ ಜಾತಿಗಳು ಎಷ್ಟು ಸೇರುತ್ತಿವೆ ಎಂದು ಗೆರೆ ಎಳೆದು ನೋಡಿ. ಗೆರೆ ಮಟ್ಟಸವಾಗದೆ ಏರುತ್ತಲೇ ಇದ್ದರೆ ಇನ್ನಷ್ಟು ಬೇಕು.

ಎಣಿಕೆಯಲ್ಲಿ ತಗಾದೆ ಹುಟ್ಟುವ ಜಾಗಗಳು ಕೆಲವಿವೆ. ಅಂಚಿನ ಮೇಲೆ ಕೂತ ಪ್ರಾಣಿ ಒಳಗೋ ಹೊರಗೋ? ಮೇಲಿನ ಮತ್ತು ಎಡ ಅಂಚಿನವು ಲೆಕ್ಕಕ್ಕೆ, ಕೆಳಗಿನ ಮತ್ತು ಬಲ ಅಂಚಿನವು ಬೇಡ ಎಂಬ ನಿಯಮ ಸಾಕು. ಬಾರ್ನಕಲ್ ಬದುಕಿದೆಯೇ ಎಂದು ತಿಳಿಯಲು ಮೇಲಿನ ಬಾಯಿ ನೋಡಿ, ಒಳಗೆ ಮುಚ್ಚಳದ ಫಲಕಗಳಿದ್ದರೆ ಜೀವಂತ, ಖಾಲಿ ಗುಣಿ ಕಂಡರೆ ಸತ್ತದ್ದು. ಸತ್ತವನ್ನೂ ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಬಿಸಿಲ ಹೊಡೆತದ ಬಳಿಕ, ಎಣ್ಣೆ ಜಿಡ್ಡು ಬಂದ ಬಳಿಕ ಆ ಅನುಪಾತವೇ ಮಾತಾಡುತ್ತದೆ. ಪಾಚಿಗೆ ಎಣಿಕೆ ಸಲ್ಲದು, ಹೊದಿಕೆಯ ಶೇಕಡಾವಾರು ಬೇಕು. 81 ಬಿಂದುಗಳಲ್ಲಿ ಎಷ್ಟರ ಕೆಳಗೆ ಅದು ಸಿಕ್ಕಿತು ಎಂದು ನೋಡಿ 81ರಿಂದ ಭಾಗಿಸಿ. ಸರ್ಗಾಸಮ್ ಇದ್ದರೆ ಮೊದಲು ಅದರ ಮೇಲ್ಹೊದಿಕೆ ಬರೆದು, ಬಳಿಕ ಮೆಲ್ಲಗೆ ಸರಿಸಿ ಕೆಳಗಿನದನ್ನು ಎಣಿಸಿ. ಒಟ್ಟು ಶೇ. 100 ದಾಟುತ್ತದೆ, ದಾಟಲಿ.

ಮೊದಲ ದಿನ ಅದೇ ಐದು ಚೌಕಗಳನ್ನು ಇಬ್ಬರೂ ಒಬ್ಬರದನ್ನೊಬ್ಬರು ನೋಡದೆ ಎಣಿಸಿ. ಹೊದಿಕೆಯಲ್ಲಿ ಶೇ. 10ಕ್ಕಿಂತ ಹೆಚ್ಚು ಅಂತರ ಬಂದರೆ ಕೂತು ಮಾತಾಡಿ ಒಂದಾಗುವವರೆಗೆ ಮುಂದೆ ಹೋಗಬೇಡಿ. ಪ್ರತಿ ಚೌಕಕ್ಕೂ ನೇರ ಮೇಲಿಂದ ಒಂದು ಫೋಟೊ ಇರಲಿ, ಕೊಡೆಯ ನೆರಳು ಹಿಡಿದರೆ ಒದ್ದೆ ಕಲ್ಲಿನ ಹೊಳಪು ಕಾಡುವುದಿಲ್ಲ. ಸಂದೇಹ ಬಂದಾಗ ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಮತ್ತೆ ಅಳೆಯಬಹುದು. ತಿರುಗಿಸಿದ ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಇಡಬೇಕು. ಅಡಿಯಲ್ಲಿ ನೆರಳಲ್ಲಿ ಬದುಕುವ ಸ್ಪಂಜು, ಮೊಟ್ಟೆಗಳ ಗೊಂಚಲು ಒಂದೇ ಬಿಸಿಲಿಗೆ ಸಾಯುತ್ತವೆ.

ನೀರಿನ ಅಳತೆ

ಉಷ್ಣಾಂಶ, ಲವಣಾಂಶ, ಕರಗಿದ ಆಮ್ಲಜನಕ ಈ ಮೂರು ಸಾಕು. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಪ್ರತಿ ದಿನ ಬಟ್ಟಿ ಇಳಿಸಿದ ನೀರಿನಿಂದ ಸೊನ್ನೆಗೆ ತನ್ನಿ, ಗಾಜಿನ ಮೇಲೆ ಎರಡು ಮೂರು ಹನಿ, ಗುಳ್ಳೆ ಇರಬಾರದು. ತೆರೆದ ಕಡಲಿನಲ್ಲಿ ಬೇಸಿಗೆಯಲ್ಲಿ ಲವಣಾಂಶ 35ರ (ಸಾವಿರ ಪಾಲಿಗೆ 35 ಪಾಲು ಉಪ್ಪು) ಆಸುಪಾಸು ಬರುತ್ತದೆ. ಕಾಳಿ, ಶರಾವತಿ, ನೇತ್ರಾವತಿ ನದಿಗಳ ಬಾಯಿಯಲ್ಲಿ ಮಳೆಗಾಲದಲ್ಲಿ ಮೇಲ್ಮೈ ನೀರು ಹೆಚ್ಚು ಕಡಿಮೆ ಸಿಹಿಯಾಗಿರುತ್ತದೆ.

ಆಮ್ಲಜನಕಕ್ಕೆ ರಾಸಾಯನಿಕ ಬೆರೆಸಿ ಅಳೆಯುವ ವಿಂಕ್ಲರ್ ವಿಧಾನವೇ ನಂಬಿಕೆಯದು. 125 ಮಿ.ಲೀ.ಯ ಬಿಗಿಮುಚ್ಚಳದ ಬಿಒಡಿ ಬಾಟಲಿಯನ್ನು ನೀರಿನೊಳಗೇ ಓರೆ ಹಿಡಿದು ಬುಳಬುಳ ಸದ್ದು ಬಾರದಂತೆ ತುಂಬಿಸಿ. ಮ್ಯಾಂಗನೀಸ್ ದ್ರಾವಣ 1 ಮಿ.ಲೀ., ಕ್ಷಾರೀಯ ಅಯೊಡೈಡ್ 1 ಮಿ.ಲೀ., ಎರಡನ್ನೂ ಪಿಪೆಟ್ಟಿನ ತುದಿ ನೀರಿನೊಳಗೆ ಇಳಿಸಿಯೇ ಬಿಡಬೇಕು. ಮುಚ್ಚಳ ಹಾಕಿ ತಿರುಗಿಸಿ ಮುರುಗಿಸಿ ಬೆರೆಸಿ. ಕಂದು ಕೆಸರು ಬಂದರೆ ಆಮ್ಲಜನಕವಿದೆ, ಬಿಳಿಯಾಗಿಯೇ ಉಳಿದರೆ ಇಲ್ಲವೆಂದರ್ಥ. ಬಾಟಲಿಯನ್ನು ನೀರಿನಲ್ಲಿ ಮುಳುಗಿಸಿ ಕತ್ತಲಲ್ಲಿಟ್ಟು ಅದೇ ದಿನ ಪ್ರಯೋಗಾಲಯದಲ್ಲಿ ಗಂಧಕಾಮ್ಲ ಹಾಕಿ ಕೆಸರು ಕರಗಿಸಿ, 50 ಮಿ.ಲೀ. ತೆಗೆದುಕೊಂಡು 0.01 ನಾರ್ಮಲ್ ಥಯೋಸಲ್ಫೇಟ್ ಬಿಡಿ. ಬಣ್ಣ ತಿಳಿ ಹುಲ್ಲಿನಂತಾದ ಮೇಲೆಯೇ ಪಿಷ್ಟದ ದ್ರಾವಣ ಹಾಕಬೇಕು. ಮೊದಲೇ ಹಾಕಿದರೆ ಅಯೊಡಿನ್ ಅದಕ್ಕೆ ಕಚ್ಚಿಕೊಂಡು ಕೊನೆಯ ಬಿಂದು ತಡವಾಗುತ್ತದೆ. ಈ ಪ್ರಮಾಣಗಳಲ್ಲಿ ಖರ್ಚಾದ ಪ್ರತಿ 1 ಮಿ.ಲೀ.ಗೆ ಲೀಟರಿಗೆ 1.6 ಮಿ.ಗ್ರಾಂ. ಆಮ್ಲಜನಕ. 28 ಡಿಗ್ರಿ, 35 ಲವಣಾಂಶದ ನೀರು ಗಾಳಿಯೊಂದಿಗೆ ಸಮತೋಲದಲ್ಲಿ ಹಿಡಿಯಬಲ್ಲದ್ದು ಸುಮಾರು 6.4 ಮಿ.ಗ್ರಾಂ. ನಿಮಗೆ 11 ಬಂದರೆ ಒಂದೋ ಅದು ನಡುಮಧ್ಯಾಹ್ನದ ಪಾಚಿ ತುಂಬಿದ ಗುಂಡಿ, ಇಲ್ಲವೇ ಬಾಟಲಿಗೆ ಗುಳ್ಳೆ ಹೋಗಿದೆ. ಮುಂಗಾರಿನ ಕೊನೆಯಲ್ಲಿ 2–3 ಬಂದರೆ ಕೂಡಲೇ ತಪ್ಪೆಂದು ತಳ್ಳಬೇಡಿ. ಆ ಕಾಲದಲ್ಲಿ ಅರಬ್ಬಿ ಸಮುದ್ರದ ಆಳದ, ಆಮ್ಲಜನಕ ಕಡಿಮೆಯಿರುವ ನೀರು ನಮ್ಮ ಕರಾವಳಿಯತ್ತ ಮೇಲೇರುತ್ತದೆ. ಎರಡನೇ ಬಾಟಲಿ ತೆಗೆದು ಖಚಿತಪಡಿಸಿಕೊಳ್ಳಿ.

ಪೆನ್ನಿನಂಥ ಪಿಎಚ್ ಮೀಟರ್ ಹಿಡಿದು 'ಸಾಗರ ಆಮ್ಲೀಕರಣ' ಎಂದು ಬರೆಯುವುದನ್ನು ನಿಲ್ಲಿಸಬೇಕು. ಮೇಲ್ಮೈ ಸಾಗರದ ಪಿಎಚ್ ದಶಕಕ್ಕೆ ಇಳಿಯುತ್ತಿರುವುದು ಸುಮಾರು 0.02. ಆ ಮೀಟರಿನ ತಪ್ಪೇ 0.05ರಿಂದ 0.1 ಇರುತ್ತದೆ.

ಮಾದರಿ ತರುವುದಾದರೆ

ಸ್ಥಳದಲ್ಲೇ ಗುರುತಿಸಿ ಬಿಡಲು ಸಾಧ್ಯವಾದದ್ದನ್ನು ತರಬೇಡಿ. ಅಳತೆಪಟ್ಟಿ ಪಕ್ಕದಲ್ಲಿಟ್ಟು ಶಂಖದ ಬೆನ್ನು, ಬಾಯಿ ಎರಡರದೂ ಫೋಟೊ ಇದ್ದರೆ ಬಹುತೇಕ ಕೆಲಸ ನಡೆಯುತ್ತದೆ. ಹವಳ, ಕಡಲ ಸೌತೆ, ಕಡಲಕುದುರೆ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ದಡಕ್ಕೆ ಬಂದು ಬಿದ್ದ ಹವಳದ ತುಂಡನ್ನು ವಿಭಾಗದ ಮ್ಯೂಸಿಯಮ್ಮಿಗೆಂದು ಜೇಬಿಗೆ ಹಾಕುವುದೂ ಅನುಮತಿಯಿಲ್ಲದೆ ಸಲ್ಲದು.

ರಾಸಾಯನಿಕದ ವಿಚಾರದಲ್ಲಿ ಒಂದು ಗೊಂದಲ ಎಲ್ಲ ಕಡೆ ಇದೆ. ಅಂಗಡಿಯ ಫಾರ್ಮಾಲಿನ್‌ನಲ್ಲಿ ಇರುವುದೇ ಶೇ. 37–40 ಫಾರ್ಮಾಲ್ಡಿಹೈಡ್. ಅದರ 1 ಪಾಲಿಗೆ 9 ಪಾಲು ಕಡಲ ನೀರು ಬೆರೆಸಿದರೆ ಶೇ. 10 ಫಾರ್ಮಾಲಿನ್, ಅದೇ ಶೇ. 4 ಫಾರ್ಮಾಲ್ಡಿಹೈಡ್. ಎರಡರಲ್ಲಿ ಯಾವುದನ್ನು ಹೇಳುತ್ತಿದ್ದೀರೆಂದು ವರದಿಯಲ್ಲಿ ಸ್ಪಷ್ಟಪಡಿಸಿ. ಬೋರಾಕ್ಸ್ ಹಾಕದಿದ್ದರೆ ದ್ರಾವಣ ಕ್ರಮೇಣ ಆಮ್ಲೀಯವಾಗಿ ತೆಳ್ಳನೆಯ ಚಿಪ್ಪುಗಳನ್ನು ಕರಗಿಸುತ್ತದೆ. ಡಿಎನ್‌ಎ ಬೇಕಿದ್ದರೆ ಫಾರ್ಮಾಲಿನ್ ಬೇಡವೇ ಬೇಡ, ಶೇ. 95ಕ್ಕೂ ಹೆಚ್ಚಿನ ಎಥನಾಲ್‌ನಲ್ಲಿ ಹಾಕಿ ಮರುದಿನ ಹೊಸ ಎಥನಾಲ್ ಬದಲಿಸಿ. ಅನಿಮೋನ್‌ಗಳನ್ನು ನೇರವಾಗಿ ದ್ರಾವಣಕ್ಕೆ ಹಾಕಿದರೆ ಮುದುಡಿ ಗುರುತು ಸಿಗದ ಉಂಡೆಯಾಗುತ್ತವೆ. ಲೀಟರ್ ಸಿಹಿನೀರಿಗೆ 75 ಗ್ರಾಂ ಮೆಗ್ನೀಸಿಯಮ್ ಕ್ಲೋರೈಡ್ ಕರಗಿಸಿ, ಅದನ್ನು ಪ್ರಾಣಿ ಇರುವ ಕಡಲ ನೀರಿಗೆ ನಿಧಾನವಾಗಿ ಬೆರೆಸಿ, ಮುಟ್ಟಿದರೂ ಅಲುಗದ ಮೇಲೆ ಸ್ಥಿರೀಕರಿಸಿ. ಚೀಟಿ ಬಾಟಲಿಯ ಒಳಗೆ ಇರಬೇಕು, ಪೆನ್ಸಿಲ್ಲಿನಲ್ಲಿ ಬರೆದಿರಬೇಕು. ಹೊರಗೆ ಮಾರ್ಕರಿನಲ್ಲಿ ಬರೆದದ್ದನ್ನು ಸೋರಿದ ಎಥನಾಲ್ ಅಳಿಸಿಬಿಡುತ್ತದೆ.

ಹೆಸರಿನ ವಿಷಯ. ಹಳೆಯ ಭಾರತೀಯ ಬರಹಗಳಲ್ಲಿ ಬಲಾನಸ್ ಆಂಫಿಟ್ರೈಟ್ ಎಂದಿರುವ ಬಾರ್ನಕಲ್ ಜಾತಿ ಈಗ ಆಂಫಿಬಲಾನಸ್ ಆಂಫಿಟ್ರೈಟ್. ಸಾಗರ ಜೀವಿಗಳ ವಿಶ್ವ ನೋಂದಣಿಯಾದ ವೋರ್ಮ್ಸ್ ಜಾಲತಾಣದಲ್ಲಿ ಪ್ರತಿ ಹೆಸರನ್ನೂ ಪರಿಶೀಲಿಸಿ, ಇಲ್ಲದಿದ್ದರೆ ಒಂದೇ ಜಾತಿ ಎರಡು ಹೆಸರಲ್ಲಿ ಎರಡು ಸಾಲಾಗಿ ವೈವಿಧ್ಯ ಸುಮ್ಮನೆ ಏರುತ್ತದೆ. ಕಲ್ಲುಸಿಂಪಿಗಳನ್ನು ಬರಿಗಣ್ಣಿನಿಂದ ಜಾತಿಮಟ್ಟದಲ್ಲಿ ಬೇರ್ಪಡಿಸುವುದು ನೆಚ್ಚುವಂಥದ್ದಲ್ಲ, ಸ್ಯಾಕೋಸ್ಟ್ರಿಯಾ ಎಂಬ ಕುಲದ ಹೆಸರಿಗೇ ನಿಲ್ಲುವುದು ಪ್ರಾಮಾಣಿಕ. ಊರಿನ ಹೆಸರುಗಳನ್ನೂ ಬರೆದುಕೊಳ್ಳಿ. ದಕ್ಷಿಣದಲ್ಲಿ ಪಚ್ಚಿಲೆ ಎಂದದ್ದು ಉತ್ತರ ಕನ್ನಡದಲ್ಲಿ ನೀಲಿಕಲ್ಲು. ದಕ್ಷಿಣದ ಮರುವಾಯಿ ಚಿಪ್ಪು ಉತ್ತರಕ್ಕೆ ಹೋದಂತೆ ಬಳಚು ಆಗುತ್ತದೆ.

ಗಾಯ, ವಿಷ, ದಡಕ್ಕೆ ಬಂದ ಪ್ರಾಣಿ

ಸಿಂಪಿ ಕೊಯ್ದ ಗಾಯವನ್ನು ಶುದ್ಧ ಸಿಹಿನೀರು, ಸಾಬೂನಿನಿಂದ ತೊಳೆದು ನಂಜುನಿವಾರಕ ಹಚ್ಚಿ. ಕೆಲವೇ ಗಂಟೆಗಳಲ್ಲಿ ಊತ, ಕೆಂಪು, ಜ್ವರ ಏರಿದರೆ ಕಾಯದೆ ಆಸ್ಪತ್ರೆಗೆ ಹೋಗಿ 'ಕಡಲ ನೀರಿನ ಗಾಯ' ಎಂದು ಹೇಳಿ, ಬೆಚ್ಚನೆಯ ಉಪ್ಪುನೀರಿನ ವಿಬ್ರಿಯೊ ಬ್ಯಾಕ್ಟೀರಿಯಾ ಬಲು ಬೇಗ ಹರಡುತ್ತದೆ. ತೊರಕೆ ಮೀನಿನ ಮುಳ್ಳು ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿಯ, ಅಂದರೆ 45 ಡಿಗ್ರಿ ಮೀರದ ನೀರಿನಲ್ಲಿ 30ರಿಂದ 90 ನಿಮಿಷ ಇಟ್ಟರೆ ನೋವು ಇಳಿಯುತ್ತದೆ, ಆಮೇಲೂ ವೈದ್ಯರಿಗೆ ತೋರಿಸಬೇಕು. ವಿಷದ ಮುಳ್ಳು ಚುಚ್ಚುವ ಜೀವಂತ ಕೋನ್ ಶಂಖವನ್ನು ಕೈಯಲ್ಲಿ ಎತ್ತಿಕೊಳ್ಳಬೇಡಿ.

ಗಾಯಗೊಂಡ ಆಮೆ ಸಿಕ್ಕರೆ ನೀರಿಗೆ ತಳ್ಳಬೇಡಿ, ದಣಿದ ಆಮೆ ಮುಳುಗಿ ಸಾಯುತ್ತದೆ. ನೆರಳು ಮಾಡಿ, ಜನರನ್ನು ದೂರವಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಡಾಲ್ಫಿನ್‌ಗೆ ಮೈಮೇಲೆ ಒದ್ದೆ ಬಟ್ಟೆ ಹಾಕಬಹುದು, ನೆತ್ತಿಯ ಉಸಿರುರಂಧ್ರಕ್ಕೆ ಮಾತ್ರ ನೀರು ಹೋಗಕೂಡದು. ಕಡಲಲ್ಲಿ ಮನುಷ್ಯರು ಅಪಾಯದಲ್ಲಿದ್ದರೆ ಕೋಸ್ಟ್ ಗಾರ್ಡ್ ಸಂಖ್ಯೆ 1554.

ಲೆಕ್ಕ ಮತ್ತು ಹಸ್ತಾಂತರ

ಮನೆಗೆ ಬಂದ ರಾತ್ರಿಯೇ ಎಕ್ಸೆಲ್‌ಗೆ ಏರಿಸಿ. ಒಂದು ಚೌಕದ ಒಂದು ಜಾತಿಗೆ ಒಂದು ಸಾಲು. ಹುಡುಕಿ ಸಿಗದಿದ್ದರೆ 0, ಹುಡುಕಿಯೇ ಇಲ್ಲದಿದ್ದರೆ ಖಾಲಿ. ಈ ಎರಡನ್ನು ಕಲಸಿದರೆ ಸರಾಸರಿ ಸುಳ್ಳಾಗುತ್ತದೆ. 3/2 ಎಂದು ದಿನಾಂಕ ಬರೆದರೆ ಫೆಬ್ರವರಿ ಮೂರೋ ಮಾರ್ಚ್ ಎರಡೋ ಎಂದು ಯಂತ್ರ ತನಗೆ ತೋಚಿದಂತೆ ಓದುತ್ತದೆ, ವರ್ಷ–ತಿಂಗಳು–ದಿನ ಬೇರೆ ಬೇರೆ ಕಾಲಮ್ಮಿನಲ್ಲಿರಲಿ. ಆರ್ ತಂತ್ರಾಂಶ ಉಚಿತ, ಅದರ ವೇಗನ್ ಪ್ಯಾಕೇಜಿನಲ್ಲಿ ವೈವಿಧ್ಯದ ಸೂಚ್ಯಂಕಗಳೆಲ್ಲ ಇವೆ. ಜಾತಿ ವೈವಿಧ್ಯವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಶ್ಯಾನನ್ ಸೂಚ್ಯಂಕಕ್ಕೆ ಯಾವ ಲಾಗರಿದಮ್ ಬಳಸಿದಿರೆಂದು ಬರೆಯಲೇಬೇಕು. ಲಾಗ್ 2ರಲ್ಲಿ 3.2 ಬಂದದ್ದು ಸ್ವಾಭಾವಿಕ ಲಾಗ್‌ನಲ್ಲಿ 2.2. ಇದನ್ನು ನೋಡದೆ 'ನಮ್ಮ ತೀರದ ವೈವಿಧ್ಯ ಕುಸಿದಿದೆ' ಎಂದು ಬರೆದುಬಿಡುವ ಅಪಾಯ ನಿಜವಾದದ್ದು.

ಮಾಹಿತಿಯನ್ನು ಎಲ್ಲಿ ಕೊಡಬೇಕೆಂಬುದೂ ಕೆಲಸದ ಭಾಗವೇ. 2002ರ ಜೀವವೈವಿಧ್ಯ ಕಾಯ್ದೆಯಂತೆ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ, ಜನತಾ ಜೀವವೈವಿಧ್ಯ ದಾಖಲಾತಿ ಅವರ ಕೈಯಲ್ಲಿದೆ. ಕರಾವಳಿ ಪಂಚಾಯಿತಿಗಳ ದಾಖಲಾತಿಗೆ ಕಲ್ಲುತೀರದ ಜೀವಿಗಳ ಪಟ್ಟಿಯೊಂದು ಸೇರಿದರೆ ಅದು ಊರಿನ ಸ್ವಂತ ದಾಖಲೆಯಾಗುತ್ತದೆ. ಎರಡು ಪುಟದ ಕನ್ನಡ ಸಾರಾಂಶ, ಫೋಟೊ, ಊರಿನ ಹೆಸರುಗಳೊಂದಿಗೆ ಕೊಡಿ. ಆದರೆ ಪಚ್ಚಿಲೆ ಕಿತ್ತು ಬದುಕುವ ಅಕ್ಕಂದಿರು ನಂಬಿಕೆಯಿಂದ ತೋರಿಸಿದ ಕಲ್ಲಿನ ನಿಖರ ಜಾಗವನ್ನು, ಕಡಲಾಮೆ ಮೊಟ್ಟೆಯಿಟ್ಟ ಸ್ಥಳವನ್ನು ಸಾರ್ವಜನಿಕ ನಕ್ಷೆಗೆ ಹಾಕಬೇಡಿ. ಜೀವಿಗಳ ಫೋಟೊ, ಜಾಗ ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್‌ನಲ್ಲಿ ಜಾಗವನ್ನು ಮಸುಕಾಗಿಸುವ ಸೌಲಭ್ಯವಿದೆ, ಅದನ್ನು ಬಳಸಿ.

ಕೊನೆಗೆ ವಿಭಾಗದಲ್ಲಿ ಬಿಟ್ಟುಹೋಗಬೇಕಾದ ಲಕೋಟೆ. ಅದರಲ್ಲಿ ಪ್ರತಿ ಸಾಲಿನ ಎರಡು ತುದಿಗಳ ಜಿಪಿಎಸ್, ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ತಪ್ಪುವುದರಿಂದ ಅದೇ ತುದಿಗಳಿಂದ ದೀಪಸ್ತಂಭ, ದೇವಸ್ಥಾನದ ಗೋಪುರ, ಅಲುಗದ ಬಂಡೆ ಇತ್ಯಾದಿ ಕಾಣುವ ಫೋಟೊಗಳು, ತೀರದ ಎತ್ತರದ ಚಿತ್ರ, ಎಣಿಕೆಯ ನಿಯಮಗಳು ಬರೆದ ಒಂದು ಹಾಳೆ, ಕಚ್ಚಾ ಎಣಿಕೆಯ ಕಡತ, ಯಾವ ತಿಂಗಳ ಯಾವ ಇಳಿತದಲ್ಲಿ ಹೋದಿರಿ ಎಂಬ ಪಟ್ಟಿ. ಮುಂದಿನ ವರ್ಷದ ಒಬ್ಬ ವಿದ್ಯಾರ್ಥಿಗೆ ಈ ಲಕೋಟೆ ಮಾತ್ರ ಕೊಟ್ಟು, ಬಾಯಲ್ಲಿ ಏನೂ ಹೇಳದೆ ತೀರಕ್ಕೆ ಕಳಿಸಿ. ಆತ ನಿಮ್ಮ ಮೊದಲ ಸಾಲಿನ ಮೊದಲ ಬಿಂದುವನ್ನು ಹುಡುಕಲಾಗದೆ ಫೋನ್ ಮಾಡಿದರೆ, ಕೇಳಿದ ಪ್ರಶ್ನೆಯನ್ನು ಬರೆದುಕೊಂಡು ಅದರ ಉತ್ತರವನ್ನು ಆ ಹಾಳೆಗೆ ಸೇರಿಸಿ.